ಸ್ಪರ್ಧೆಯ ಟಯರು ಹಾಕಿಕೊಂಡು ಅಭ್ಯಾಸಕ್ಕೆ ಹೊರಡುವವರಿಗೆ

ಕಳೆದ ಡಿಸೆಂಬರಿನ ಎರಡನೆಯ ಭಾನುವಾರ ಬೆಳಿಗ್ಗೆ ಏಳೂವರೆಯ ಹೊತ್ತಿಗೆ, ಕಾಸರಗೋಡು ಜಿಲ್ಲೆಯ ಪೆರ್ಲ ದಾಟಿದ ಮೇಲಿನ ಒಂದು ಇಳಿಜಾರಿನ ತಿರುವಿನಲ್ಲಿ ನನ್ನ ರಸ್ತೆ ಸ್ಪರ್ಧೆಯ ಸೈಕಲಿನ ಮುಂದಿನ ಟಯರು ಒಡೆಯಿತು. ಆಗ ವೇಗ ಗಂಟೆಗೆ 45 ಕಿ.ಮೀ. ಆಸುಪಾಸಿನಲ್ಲಿತ್ತು. ಹಿಂದಿನ ಟಯರು ಒಡೆದರೆ ಹೇಗಾದರೂ ಸಾವರಿಸಿಕೊಂಡು ನಿಲ್ಲಿಸಬಹುದು. ಮುಂದಿನದು ಹೋದರೆ ಹ್ಯಾಂಡಲಿನ ಮಾತನ್ನು ಚಕ್ರ ಕೇಳುವುದೇ ಇಲ್ಲ. ಎಡಗಡೆಯ ಕೊರಳೆಲುಬು ಮುರಿಯಿತು, ಹೆಲ್ಮೆಟ್ ಎರಡು ಕಡೆ ಬಿರಿಯಿತು, ಮೊಣಕೈಯಿಂದ ಸೊಂಟದವರೆಗೆ ಚರ್ಮ ಕಿತ್ತುಹೋಯಿತು. ರಸ್ತೆ ಬದಿಯ ಮನೆಯ ಅಮ್ಮನೊಬ್ಬರು ಓಡಿ ಬಂದು ನೀರು, ಬೆಲ್ಲ ಕೊಟ್ಟರು, ಅವರ ಮಗ ರಿಕ್ಷಾ ಕರೆಸಿದರು. ಆ ಹೊತ್ತಿನಲ್ಲಿ ಎದುರಿನಿಂದ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಹೇರಿದ ಲಾರಿಯೊಂದು ಬರುತ್ತಿದ್ದರೆ ಈ ಬರಹವನ್ನು ನಾನು ಬರೆಯುತ್ತಿರಲಿಲ್ಲ.

ಆ ಟಯರನ್ನು ನಾನು ಹೇಗೆ ಆರಿಸಿದೆ, ಏನು ನೋಡದೆ ಬಿಟ್ಟೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಏಕೆಂದರೆ ಅದೇ ಅಂಗಡಿಯಿಂದ ಅದೇ ಬಗೆಯ ಟಯರನ್ನು ಕೊಂಡವರು ಕಾಸರಗೋಡಿನಲ್ಲಿಯೂ ಗಡಿಯಾಚೆಯ ವಿಟ್ಲ, ಪುತ್ತೂರುಗಳಲ್ಲಿಯೂ ಇದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಜನವರಿಯಲ್ಲಿ ಒಂದು ರಸ್ತೆ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಅದುವರೆಗೆ ನನ್ನ ಸೈಕಲಿನಲ್ಲಿ ಇದ್ದದ್ದು 28 ಮಿ.ಮೀ. ಅಗಲದ, ದಪ್ಪ ರಬ್ಬರಿನ ಸಾಮಾನ್ಯ ಅಭ್ಯಾಸದ ಟಯರುಗಳು. ಮೂರು ಮಳೆಗಾಲ ಕಳೆದರೂ ಅವು ನನ್ನನ್ನು ರಸ್ತೆಯಲ್ಲಿ ಕೈಬಿಟ್ಟಿರಲಿಲ್ಲ. ಆದರೆ ಸ್ಪರ್ಧೆಗೆ ಹಗುರವಾದದ್ದು ಬೇಕೆಂಬ ಹಂಬಲ ಹುಟ್ಟಿತು. ಹೊರ ಊರಿನ ಒಂದು ಅಂಗಡಿಯವರು ಫೋನಿನಲ್ಲಿ, "ಸರ್, ಇದು ಟೈಮ್ ಟ್ರಯಲಿನವರು ಹಾಕುವ ಟಯರು, ಇದಕ್ಕಿಂತ ವೇಗದ್ದು ಬೇರೆ ಇಲ್ಲ. ಹೊಚ್ಚ ಹೊಸದು, ಕೊನೆಯ ಎರಡು ಜೋಡಿ ಉಳಿದಿವೆ" ಎಂದರು. ಟೈಮ್ ಟ್ರಯಲ್ ಎಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ. 25 ಮಿ.ಮೀ. ಅಗಲ; ಒಂದೊಂದರ ತೂಕ 190 ಗ್ರಾಂ. ಪೇಟೆಯ ಬೆಲೆಯ ಅರ್ಧಕ್ಕೆ, ಜೋಡಿಗೆ 5,800 ರೂಪಾಯಿಗೆ ಸಿಕ್ಕಿತು. ಪೆಟ್ಟಿಗೆ ಇರಲಿಲ್ಲ, ಟಯರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳಿಸಿದ್ದರು. ಪೆಟ್ಟಿಗೆ ಎಲ್ಲಿ ಎಂದು ಕೇಳಿದಾಗ ಕೊರಿಯರ್ ಖರ್ಚು ಉಳಿಸಲು ತೆಗೆದೆವು ಎಂದರು, ನಾನು ಅದನ್ನು ನಂಬಿದೆ.

ಇಲ್ಲಿ ಮೊದಲ ತಪ್ಪು ಆಗಿತ್ತು. ಪೆಟ್ಟಿಗೆಯ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷ, ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಹೇಳುತ್ತವೆ. ಪೆಟ್ಟಿಗೆಯೇ ಬಾರದಿದ್ದರೆ ರಬ್ಬರಿನ ವಯಸ್ಸು ನಮಗೆ ಗೊತ್ತಾಗುವುದು ಕಷ್ಟ. ಬಳಸದೆ ಇಟ್ಟ ಟಯರು ಹೊಸದಾಗಿಯೇ ಇರುತ್ತದೆ ಎಂಬುದು ತಪ್ಪು ಕಲ್ಪನೆ. ಬಿಸಿಲು, ಸೆಕೆ, ಗಾಳಿಯಲ್ಲಿರುವ ಓಝೋನ್ ಸೇರಿ ರಬ್ಬರನ್ನು ಕುಳಿತಲ್ಲಿಯೇ ಗಡುಸು ಮಾಡುತ್ತವೆ. ಗಡುಸಾದ ರಬ್ಬರು ಬಾಗುವ ಬದಲು ಬಿರಿಯುತ್ತದೆ. ತಗಡಿನ ಮಾಡಿನ ಕೆಳಗೆ ನಾಲ್ಕು ಬೇಸಗೆ ಕಳೆದ ಟಯರು ಹೊರಗಿನಿಂದ ಕಪ್ಪಗೆ ಹೊಳೆಯುತ್ತಿದ್ದರೂ ಅದರ ಒಳಗಿನ ಜೀವ ಹೋಗಿರುತ್ತದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು, ಅದಕ್ಕೆ ಅಂಗಡಿಯವರನ್ನು ಮಾತ್ರ ಹೊಣೆ ಮಾಡಲಾರೆ. ಟಯರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಆಗುವ ಈ ಬಾಗುವಿಕೆಯಲ್ಲಿ ರಬ್ಬರು ನಮ್ಮ ಕಾಲಿನ ಶಕ್ತಿಯಲ್ಲಿ ಒಂದಂಶವನ್ನು ನುಂಗಿ ಬಿಸಿಯಾಗಿಸುತ್ತದೆ. ರಬ್ಬರು ತೆಳುವಾದಷ್ಟೂ ನುಂಗುವುದು ಕಡಿಮೆ. ಆದುದರಿಂದ ಟೈಮ್ ಟ್ರಯಲ್ ಟಯರನ್ನು ಮಾಡುವವರು ನೆಲಕ್ಕೆ ತಾಗುವ ರಬ್ಬರನ್ನು ತೆಳುವಾಗಿಸುತ್ತಾರೆ, ಮುಳ್ಳು ತಡೆಯುವ ಪಟ್ಟಿಯನ್ನು ಕಿರಿದಾಗಿಸುತ್ತಾರೆ ಇಲ್ಲವೇ ಬಿಟ್ಟೇಬಿಡುತ್ತಾರೆ, ಪಕ್ಕದ ಗೋಡೆಯಲ್ಲಿ ನೂಲಿನ ಹಂದರದ ಮೇಲೆ ರಬ್ಬರಿನ ತೆಳು ಲೇಪವಷ್ಟೇ ಉಳಿಯುತ್ತದೆ. ಅದು ವೇಗವಾಗಿರುವುದು ಯಾವ ಕಾರಣಕ್ಕೋ ದುರ್ಬಲವಾಗಿರುವುದೂ ಅದೇ ಕಾರಣಕ್ಕೆ. ಗುಡಿಸಿ ಶುಚಿ ಮಾಡಿದ, ವಾಹನ ನಿಲ್ಲಿಸಿದ ರಸ್ತೆಯಲ್ಲಿ ಒಂದು ಗಂಟೆ ಓಡಿಸಲು ಮಾಡಿದ ವಸ್ತು ಅದು. ಕಾಂಟಿನೆಂಟಲ್‌ನವರ ಗ್ರ್ಯಾಂಡ್ ಪ್ರಿ 5000 ಮಾಲಿಕೆಯಲ್ಲಿ ಎಲ್ಲ ಬಗೆಯ ಸವಾರಿಗೆಂದು ಎಸ್ ಟಿಆರ್ ಎಂಬುದೂ ಟೈಮ್ ಟ್ರಯಲಿಗೆಂದೇ ಟಿಟಿ ಟಿಆರ್ ಎಂಬುದೂ ಬೇರೆ ಬೇರೆಯಾಗಿ ಇರುವುದು ಸುಮ್ಮನೆ ಅಲ್ಲ. ಹೆಸರಿನಲ್ಲಿ ಎರಡು ಅಕ್ಷರಗಳ ವ್ಯತ್ಯಾಸ, ಬಳಕೆಯಲ್ಲಿ ಎರಡು ಬೇರೆ ವಸ್ತುಗಳು.

ನಮ್ಮ ರಸ್ತೆಗಳನ್ನು ಬಲ್ಲವರಿಗೆ ಇನ್ನು ಹೆಚ್ಚು ಹೇಳಬೇಕಾಗಿಲ್ಲ. ನಾನು ವಾರಕ್ಕೆ ನಾಲ್ಕು ದಿನ ಅಭ್ಯಾಸ ಮಾಡುವುದು ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕವಾಗಿ ಮುಳ್ಳೇರಿಯದವರೆಗೆ; ಭಾನುವಾರ ಚೆರ್ಕಳ–ಕಲ್ಲಡ್ಕ ರಸ್ತೆ ಹಿಡಿದು ಪೆರ್ಲದ ಆಚೆಗೆ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಮಳೆಗಾಲ ಮುಗಿದ ಮೇಲೆ ಡಾಮರಿನ ಅಂಚು ಕಿತ್ತು ಜಲ್ಲಿ ಮೇಲೆ ಬಂದಿರುತ್ತದೆ. ಕೋರೆಗಳಿಂದ ಹೊರಡುವ ಲಾರಿಗಳಿಂದ ಮುರಕಲ್ಲಿನ ಚೂರುಗಳು ತಿರುವು ತಿರುವಿನಲ್ಲಿ ಉದುರಿರುತ್ತವೆ. ಮುರಕಲ್ಲು ಮೆದು ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಗಾಳಿಗೆ ಒಡ್ಡಿದ ಹಾಗೆ ಗಟ್ಟಿಯಾಗುವ ಆ ಕಲ್ಲಿನ ಒಡೆದ ಅಂಚು ತೆಳು ಟಯರಿನ ಪಕ್ಕವನ್ನು ಗೀರಲು ಬೇಕಾದಷ್ಟು ಹರಿತವಾಗಿರುತ್ತದೆ. ಬೀಳುವುದಕ್ಕೆ ಎಂಟು ದಿನ ಮುಂಚೆ ನೀರ್ಚಾಲಿನ ಹತ್ತಿರ ಅಂತಹ ಒಂದು ಚೂರಿನ ಮೇಲೆ ಮುಂದಿನ ಚಕ್ರ ಹತ್ತಿ ಜಾರಿದ್ದು ನನಗೆ ಚೆನ್ನಾಗಿ ನೆನಪಿದೆ. ಗಾಳಿ ಇಳಿಯಲಿಲ್ಲ, ಹಾಗಾಗಿ ನಿಲ್ಲಿಸಿ ನೋಡಲಿಲ್ಲ. ಅನಂತರದ ಎಂಟು ದಿನಗಳಲ್ಲಿ ಒಮ್ಮೆಯಾದರೂ ಚಕ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿದ್ದರೆ ಸೀಳು ಕಾಣುತ್ತಿತ್ತು.

ಮೂರನೆಯದು ಗಾಳಿಯ ಒತ್ತಡ. "ಟಯರಿನ ಮೇಲೆಯೇ 120 ಎಂದು ಬರೆದಿದೆಯಲ್ಲ ಸರ್, ಅಷ್ಟು ಹೊಡೆಯಿರಿ, ಕಲ್ಲಿನ ಮೇಲೆ ಹೋದರೂ ಪಂಕ್ಚರ್ ಆಗುವುದಿಲ್ಲ" ಎಂದು ಅಂಗಡಿಯವರು ಹೇಳಿದ್ದರು. ಟಯರಿನ ಮೇಲೆ ಅಚ್ಚಾಗಿರುವ ಆ ಅಂಕಿ (ಪಿಎಸ್‌ಐ, ಎಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಮೀರಬಾರದ ಮಿತಿ, ಹೊಡೆಯಲೇಬೇಕಾದ ಅಳತೆ ಅಲ್ಲ. ಈ ಒಂದು ವಿಷಯದಲ್ಲಿ ಬಹಳ ವರ್ಷ ಸೈಕಲ್ ಓಡಿಸಿದವರೂ ಎಡವುವುದನ್ನು ನೋಡಿ ನನಗೆ ಕಳವಳವಾಗುತ್ತದೆ. ಒತ್ತಡ ಹೆಚ್ಚಿದಷ್ಟೂ ವೇಗ ಹೆಚ್ಚು ಎಂಬುದು ಗಾಜಿನಂತಹ ನೆಲದಲ್ಲಿ ಮಾತ್ರ ನಿಜ. ಜಲ್ಲಿ ಎದ್ದ ರಸ್ತೆಯಲ್ಲಿ ಕಲ್ಲಿನಷ್ಟು ಗಟ್ಟಿಯಾದ ಟಯರು ಪ್ರತಿ ಉಬ್ಬಿಗೂ ಸೈಕಲನ್ನೂ ಸವಾರನನ್ನೂ ಮೇಲಕ್ಕೆ ಎಸೆಯುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಮೈಯ ಅಲುಗಾಟದಲ್ಲಿ ಕಳೆದುಹೋಗುತ್ತದೆ, ತಿರುವಿನಲ್ಲಿ ಹಿಡಿತವೂ ತಪ್ಪುತ್ತದೆ. ನನ್ನ ತೂಕ 74 ಕಿಲೋ. ಆ ತೂಕಕ್ಕೆ, ಆ ಅಗಲಕ್ಕೆ 85 ಪಿಎಸ್‌ಐ ಧಾರಾಳವಾಗಿ ಸಾಕಿತ್ತು. ನಾನು 120 ತುಂಬಿಸುತ್ತಿದ್ದೆ. ವಯಸ್ಸಾದ ರಬ್ಬರು, ಪಕ್ಕದಲ್ಲಿ ಕಾಣದ ಸೀಳು, ಒಳಗಿನಿಂದ ಆ ಒತ್ತಡ, ಇವು ಒಂದೆಡೆ ಸೇರಿದ ಮೇಲೆ ಟಯರು ಎಲ್ಲಿ ಒಡೆಯುತ್ತದೆ ಎಂಬುದಷ್ಟೇ ಉಳಿದಿತ್ತು.

ಜೊತೆಯಲ್ಲಿ ಬರುತ್ತಿದ್ದ ನನ್ನ ಭಾವ ಸೈಕಲನ್ನು ಮನೆಗೆ ತಲುಪಿಸಿದವರು. ಮಾರನೆಯ ದಿನ ಆಸ್ಪತ್ರೆಗೆ ಬರುವಾಗ ಟಯರನ್ನೂ ಕಳಚಿ ತಂದಿದ್ದರು. "ಇದರ ಬದಿ ನೋಡಿ ಭಾವಾ, ಹಪ್ಪಳ ಮುರಿದ ಹಾಗೆ ಉಂಟು" ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಎರಡು ಬೆರಳಿನಿಂದ ಮಡಚಿದಾಗ ಪಕ್ಕದ ಗೋಡೆಯ ಉದ್ದಕ್ಕೂ ಕೂದಲೆಳೆಯಂತಹ ಬಿರುಕುಗಳು ತೆರೆದುಕೊಂಡವು. ಆರು ವಾರ ಓಡಿದ ಟಯರಿನಲ್ಲಿ ಅಂತಹ ಬಿರುಕು ಬರುವುದಿಲ್ಲ. ಹಿಂದಿನ ಚಕ್ರದ್ದೂ ಹಾಗೆಯೇ ಇತ್ತು, ಒಡೆದಿರಲಿಲ್ಲ ಅಷ್ಟೇ.

ಅಂಗಡಿಯವರಿಗೆ ಚಿತ್ರಗಳನ್ನು ಕಳಿಸಿದೆ. ಕಲ್ಲು ತಾಗಿ ಒಡೆದದ್ದಕ್ಕೆ ನಾವು ಜವಾಬ್ದಾರರಲ್ಲ ಎಂಬ ಉತ್ತರ ಬಂತು. ಬಿರುಕುಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಬಿಲ್ಲಿನಲ್ಲಿ "ಸೈಕಲ್ ಟಯರ್ – 2" ಎಂದಷ್ಟೇ ಇದೆ, ಮಾದರಿಯ ಹೆಸರಿಲ್ಲ. ತಕರಾರಿದ್ದರೆ ತಮ್ಮ ಊರಿಗೆ, ಅಂದರೆ ಇನ್ನೊಂದು ರಾಜ್ಯಕ್ಕೆ, ಬರಬೇಕೆಂದೂ ಬರೆದಿದ್ದರು. ಗಡಿಯಲ್ಲಿರುವ ನಮ್ಮಂಥವರು ಇಂತಹ ಮಾತಿಗೆ ಬೇಗ ಸುಮ್ಮನಾಗುತ್ತೇವೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಂಡವನು ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿ ನನ್ನ ದೂರನ್ನು ದಾಖಲಿಸಿದ್ದೇನೆ. ಒಡೆದ ಟಯರನ್ನು, ಪ್ಲಾಸ್ಟಿಕ್ ಚೀಲವನ್ನು, ಫೋನಿನ ಸಂದೇಶಗಳನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಅದೇ ಅಂಗಡಿಯವರು ಭಾವನ ಪರಿಚಯದ ಹುಡುಗನೊಬ್ಬನಿಗೆ ಮಾಡಿದ್ದು ಇದಕ್ಕಿಂತಲೂ ಅಪಾಯಕಾರಿಯಾಗಿತ್ತು. ಅವನ ಕಾರ್ಬನ್ ಚಕ್ರದ ರಿಮ್ಮು ಹುಕ್‌ಲೆಸ್, ಎಂದರೆ ಟಯರಿನ ಅಂಚನ್ನು ಹಿಡಿದಿಡುವ ಕೊಕ್ಕೆ ಅದರ ಒಳಗೋಡೆಯಲ್ಲಿ ಇಲ್ಲ. ಅಂತಹ ರಿಮ್ಮಿಗೆ ಹುಕ್‌ಲೆಸ್‌ಗೆ ಸರಿಹೊಂದುತ್ತದೆ ಎಂದು ತಯಾರಕರೇ ಹೇಳಿದ ಟ್ಯೂಬ್‌ಲೆಸ್ ಟಯರನ್ನು ಮಾತ್ರ ಹಾಕಬೇಕು, ಒತ್ತಡ 5 ಬಾರ್, ಎಂದರೆ ಸುಮಾರು 72 ಪಿಎಸ್‌ಐ ಮೀರಬಾರದು. ಅವನಿಗೆ ಕೊಟ್ಟದ್ದು ಟ್ಯೂಬ್ ಹಾಕುವ ಮಾಮೂಲಿ ಟಯರು, ಹೇಳಿದ ಒತ್ತಡ 100. ರಸ್ತೆಗೆ ಇಳಿಯುವ ಮುಂಚೆ ಭಾವ ನೋಡಿ ತೆಗೆಸಿದರು. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ಸ್ಪರ್ಧೆಯಲ್ಲಿ ಬೆಲ್ಜಿಯಂನ ವೃತ್ತಿಪರ ಸೈಕಲ್ ಸವಾರ ಥಾಮಸ್ ಡೆ ಗೆಂಟ್ ಬಿದ್ದಾಗ ಅವರ ಟಯರು ಹುಕ್‌ಲೆಸ್ ರಿಮ್ಮಿನಿಂದ ಕಳಚಿ ಹೊರಬಂದಿತ್ತು. 25 ಮಿ.ಮೀ. ಒಳ ಅಗಲದ ರಿಮ್ಮಿಗೆ 28 ಮಿ.ಮೀ. ಟಯರು ಹಾಕಿದ್ದರು, ಯುರೋಪಿನ ಟಯರು-ರಿಮ್ಮು ಮಾನದಂಡವು ಅಷ್ಟು ಅಗಲಕ್ಕೆ ಕನಿಷ್ಠ 29 ಬೇಕೆನ್ನುತ್ತದೆ. ಹಿಂದೆಯೇ ಮೆಕ್ಯಾನಿಕ್‌ಗಳ ಕಾರು ಬರುವ ತಂಡದವರ ಗತಿಯೇ ಹೀಗಾದರೆ ಬದಿಯಡ್ಕದ ಇಳಿಜಾರಿನಲ್ಲಿ ಒಬ್ಬನೇ ಹೋಗುವವನು ರಿಮ್ಮಿನ ಒಳ ಅಗಲವನ್ನು ಕೇಳಿ ತಿಳಿದುಕೊಳ್ಳದೆ ಟಯರು ಕೊಳ್ಳಬಾರದು.

ಹಾಗಾದರೆ ಯಾವುದನ್ನು ಕೊಳ್ಳಬೇಕು ಎಂದು ಬಹಳ ಮಂದಿ ಕೇಳಿದ್ದಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ರಸ್ತೆಗಳ ಅಭ್ಯಾಸಕ್ಕೆ 28 ಮಿ.ಮೀ., ಫ್ರೇಮಿನಲ್ಲಿ ಜಾಗವಿದ್ದರೆ 30 ಅಥವಾ 32 ಮಿ.ಮೀ. ಒಳ್ಳೆಯದು. ಪಕ್ಕದ ಗೋಡೆಗೂ ರಕ್ಷಣೆಯಿರುವ ಗೇಟರ್‌ಸ್ಕಿನ್‌ನಂತಹ ಟಯರು ಬಹಳ ಕಾಲ ಬಾಳುತ್ತದೆ. ಆದರೆ ಅದರ ಗಡುಸು ರಬ್ಬರು ಒದ್ದೆ ತಿರುವಿನಲ್ಲಿ ನನಗೆ ಅಷ್ಟು ಧೈರ್ಯ ಕೊಡುವುದಿಲ್ಲ, ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆದು ರಬ್ಬರಿನ ಟಯರನ್ನೇ ಮುಂದಿನ ಚಕ್ರಕ್ಕೆ ಹಾಕುತ್ತೇನೆ. ಇಷ್ಟು ಕಿರಿದಾದ ಟಯರಿಗೆ ನೀರು ಕತ್ತರಿಸುವ ಗೆರೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲ; ಮಳೆಯಲ್ಲಿ ಹಿಡಿತ ಬರುವುದು ರಬ್ಬರಿನ ಗುಣದಿಂದ ಮತ್ತು ಸ್ವಲ್ಪ ಇಳಿಸಿದ ಒತ್ತಡದಿಂದ. ಸ್ಪರ್ಧೆಗೆ ಎಲ್ಲ ಬಗೆಯ ಸವಾರಿಗೆ ಮಾಡಿದ ಉತ್ತಮ ರೇಸ್ ಟಯರು ಸಾಕು. ದಪ್ಪ ಅಭ್ಯಾಸದ ಟಯರಿನಿಂದ ಅದಕ್ಕೆ ಬಂದರೆ ಜೋಡಿಗೆ ಹತ್ತು ಹದಿನೈದು ವ್ಯಾಟ್‌ನಷ್ಟು ಕಾಲಿನ ಶಕ್ತಿ ಉಳಿಯುತ್ತದೆ, ಅದು ಕಾಲಿಗೆ ಗೊತ್ತಾಗುತ್ತದೆ. ಅಲ್ಲಿಂದ ಟೈಮ್ ಟ್ರಯಲ್ ಟಯರಿಗೆ ಹೋದರೆ ಸಿಗುವುದು ಇನ್ನು ಕೆಲವೇ ವ್ಯಾಟ್. ಗುಂಪಿನಲ್ಲಿ ಒಬ್ಬರ ಬೆನ್ನ ಹಿಂದೆ ಗಾಳಿಗೆ ಮರೆಯಾಗಿ ಸಾಗಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಉಳಿಯುತ್ತದೆ. ಸ್ಪರ್ಧೆಯ ಟಯರನ್ನು ಹದಿನೈದು ದಿನ ಮುಂಚೆ ಹಾಕಿ, ಎರಡು ಮೂರು ಸವಾರಿಯಲ್ಲಿ ಅದರ ನಡೆ ತಿಳಿದುಕೊಂಡು, ಸ್ಪರ್ಧೆ ಮುಗಿದ ಮೇಲೆ ತೆಗೆದು ಬಿಸಿಲು ಬೀಳದ ತಂಪು ಜಾಗದಲ್ಲಿ ಇಡುವುದು ಈಗ ನಾನು ಹಿಡಿದಿರುವ ಕ್ರಮ.

ಹಿಂದಿನ ಟಯರು ಬೇಗ ಸವೆಯುವುದರಿಂದ ಸವೆದದ್ದನ್ನು ಮುಂದಕ್ಕೆ ಹಾಕಿ ಲೆಕ್ಕ ಸರಿತೂಗಿಸುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕಿ; ಬೀಳಿಸುವುದು ಯಾವ ಚಕ್ರ ಎಂಬುದನ್ನು ನನ್ನ ಭುಜ ಕಲಿತಿದೆ.

ಈಗ ಎಲುಬು ಕೂಡಿದೆ. 28 ಮಿ.ಮೀ. ಟಯರಿಗೆ ಮುಂದೆ 70, ಹಿಂದೆ 75 ಪಿಎಸ್‌ಐ ಹಾಕಿ ಮತ್ತೆ ನೀರ್ಚಾಲಿನವರೆಗೆ ಹೋಗಿ ಬರುತ್ತಿದ್ದೇನೆ. ಪ್ರತಿ ಭಾನುವಾರ ಹೊರಡುವ ಹಿಂದಿನ ರಾತ್ರಿ ಗಾಳಿ ಇಳಿಸಿ, ಎರಡು ಟಯರುಗಳ ಎರಡೂ ಪಕ್ಕಗಳನ್ನು ದೀಪದ ಕೆಳಗೆ ಬೆರಳಿನಿಂದ ಮಡಚಿ ನೋಡಲು ಹತ್ತು ನಿಮಿಷ ಬೇಕಾಗುತ್ತದೆ. ಪೆಟ್ಟಿಗೆಯಿಲ್ಲದೆ ಅರ್ಧ ಬೆಲೆಗೆ ಬಂದ ಟಯರು ನಿಮ್ಮ ಚಕ್ರದಲ್ಲಿ ಈಗ ಇದ್ದರೆ, ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಅದನ್ನು ಹಾಗೆ ಮಡಚಿ ನೋಡಿ. ಬಿರುಕು ತೆರೆದುಕೊಂಡರೆ ಅದನ್ನು ತೆಗೆದು, ಮೊದಲಿದ್ದ ಅಭ್ಯಾಸದ ಟಯರನ್ನೇ ಹಾಕಿಕೊಂಡು ಹೊರಡಿ.