ರಾಕೆಟ್ಟಿನ ಜಾಡು: ಒಳಗಿನ ರಿಸೀವರೋ, ಮರುಪ್ರಸಾರವೋ?

ಜಿಪಿಎಸ್ ರಿಸೀವರನ್ನು ರಾಕೆಟ್ಟಿನೊಳಗೇ ಇಟ್ಟು, ಅದು ಲೆಕ್ಕ ಹಾಕಿದ ಸ್ಥಾನವನ್ನು ರೇಡಿಯೊ ಮೂಲಕ ತರಿಸಿಕೊಳ್ಳುವುದು ಒಂದು ದಾರಿ. ಉಪಗ್ರಹಗಳ ಸಂಕೇತವನ್ನು ಬಿಡಿಸದೆ, ಆವರ್ತನವನ್ನಷ್ಟೇ ಬದಲಿಸಿ ಕೆಳಕ್ಕೆ ಮರುಪ್ರಸಾರ ಮಾಡಿಸಿ, ಲೆಕ್ಕವನ್ನು ನೆಲದ ಮೇಲೆ ಮಾಡುವುದು ಇನ್ನೊಂದು. ಅಮೆರಿಕದ ನೌಕಾಪಡೆಯ ಟ್ರೈಡೆಂಟ್ ಕ್ಷಿಪಣಿಗಳಿಗಾಗಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವು 1970ರ ದಶಕದಲ್ಲಿ ರೂಪಿಸಿದ, ಜಾಡು ಹಿಡಿಯುವ ಸ್ಯಾಟ್ರ್ಯಾಕ್ ವ್ಯವಸ್ಥೆ ನಡೆದದ್ದು ಈ ದಾರಿಯಲ್ಲೇ. ಹವ್ಯಾಸದ ರಾಕೆಟ್ಟಿನಲ್ಲಿ ಎರಡನ್ನೂ ಹಾರಿಸಿ ನೋಡಿದ ನಾನು ಮರುಪ್ರಸಾರದ ಪಕ್ಷ.

ಕಾರಣ, ಕೊಂಡು ತಂದ ರಿಸೀವರು ಕೊಟ್ಟ ಕಾಟ. ಮೋಟಾರು ಹೊತ್ತಿಕೊಂಡೊಡನೆ ವೇಗೋತ್ಕರ್ಷಕ್ಕೆ ಉಪಗ್ರಹ ಸಂಕೇತಗಳ ಮೇಲಿನ ಅದರ ಹಿಡಿತ ತಪ್ಪಿತು. ತಪ್ಪಿದ್ದನ್ನು ಹೇಳುವ ಬದಲು ಹಳೆಯ ಅಕ್ಷಾಂಶ, ರೇಖಾಂಶಗಳನ್ನೇ ‘ಸರಿ’ ಎಂಬ ಗುರುತಿನೊಂದಿಗೆ ಸಾಲುಸಾಲಾಗಿ ಕಳಿಸುತ್ತ ಹೋಯಿತು. ರಾಕೆಟ್ಟು ಮೋಡ ಮುಟ್ಟುವಾಗಲೂ ಪರದೆಯ ಮೇಲೆ ಅದು ಉಡಾವಣಾ ಕಂಬದಲ್ಲೇ ನಿಂತಿತ್ತು. ಮತ್ತೆ ಜಾಡು ಹಿಡಿಯುವಷ್ಟರಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡಿದ್ದರಿಂದ, ನನಗೆ ಬೇಕಿದ್ದ ಆರೋಹಣದ ಭಾಗವೇ ಕೈತಪ್ಪಿತು. ಇದರ ಮೇಲೆ, ಸೆಕೆಂಡಿಗೆ ಸುಮಾರು 515 ಮೀಟರ್ ವೇಗ ಅಥವಾ 18 ಕಿಲೋಮೀಟರ್ ಎತ್ತರ ದಾಟಿದರೆ ಬಾಯಿ ಮುಚ್ಚಿಕೊಳ್ಳುವ ರಿಸೀವರುಗಳೂ ಇವೆ.

ಮರುಪ್ರಸಾರದಲ್ಲಿ ಹಿಡಿತ ತಪ್ಪಿದರೂ ಕಚ್ಚಾ ಸಂಕೇತ ಧ್ವನಿಮುದ್ರಿಕೆಯಂತೆ ಕೈಯಲ್ಲಿ ಉಳಿಯುತ್ತದೆ. ಪ್ಯಾರಾಚೂಟಿನಲ್ಲಿ ತೂಗಾಡುವಾಗಿನ ಶಾಂತ ಭಾಗದಲ್ಲಿ ಉಪಗ್ರಹಗಳನ್ನು ಹಿಡಿದು, ಅಲ್ಲಿಂದ ದಾಖಲೆಯನ್ನು ಹಿಂದುಮುಂದಾಗಿ ಓಡಿಸುತ್ತ ಉಡಾವಣೆಯ ಕ್ಷಣದತ್ತ ಸಾಗಿದೆ. ರಾಕೆಟ್ಟಿನಿಂದ ನೆಲಕ್ಕೆ ಬರುವ ವಿಳಂಬ ಲೆಕ್ಕ ಕೆಡಿಸೀತೆಂಬ ಭಯ ನನಗೂ ಇತ್ತು. ಆದರೆ ಅದು ಎಲ್ಲ ಉಪಗ್ರಹಗಳ ಸಂಕೇತಕ್ಕೂ ಒಂದೇ ಆದ್ದರಿಂದ ಸ್ಥಾನದ ಜೊತೆಗೇ ಲೆಕ್ಕ ಹಾಕಿ ತೆಗೆಯುವ ರಿಸೀವರಿನ ಗಡಿಯಾರದ ದೋಷದೊಳಗೆ ಸೇರಿಹೋಗುತ್ತದೆ, ಸಿಗುವ ಸ್ಥಾನ ರಾಕೆಟ್ಟಿನ ಮೇಲಿನ ಆಂಟೆನಾದ್ದೇ. ಮರುಪ್ರಸಾರಕದ ಆಂದೋಲಕ (ಆವರ್ತನ ಹುಟ್ಟಿಸುವ ಭಾಗ) ಅಲುಗಿದರೆ ಮಾತ್ರ ಆವರ್ತನ ಜಾರುತ್ತದೆ, ಆ ಜಾರಿಕೆಯನ್ನು ಅಳೆಯಲು ಜೊತೆಯಲ್ಲೊಂದು ಪೈಲಟ್ ಸಂಕೇತ ಕಳಿಸಬೇಕು.

ಬ್ಯಾಟರಿಯನ್ನು ಮರುಪ್ರಸಾರಕವೇ ಹೆಚ್ಚು ತಿನ್ನುತ್ತದೆ. ಅದಕ್ಕೆ ಸುಮಾರು 2 ಮೆಗಾಹರ್ಟ್ಸ್ ಅಗಲದ, ಪರವಾನಗಿಯಿರುವ ಆವರ್ತನ ಪಟ್ಟಿಯೂ ಬೇಕು. ಕಚ್ಚಾ ಸಂಕೇತವನ್ನು ಸೆಕೆಂಡಿಗೆ 8 ಮೆಗಾಬೈಟಿನಂತೆ ಬರೆದಿಟ್ಟರೆ ಹತ್ತು ನಿಮಿಷಕ್ಕೆ 4.8 ಗಿಗಾಬೈಟ್.

ಹಾರಾಟ ಮುಗಿದ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂರುವುದು ನನಗೆ ಶಿಕ್ಷೆಯಲ್ಲ, ನೆಲದ ರೇಡಿಯೊ ಮೊದಲೇ ನನ್ನಲ್ಲಿತ್ತು. ಹಾಗಾಗಿ ಖರ್ಚು ಮರುಪ್ರಸಾರಕದ್ದಷ್ಟೇ. ಬಿದ್ದ ರಾಕೆಟ್ಟನ್ನು ಕತ್ತಲಾಗುವ ಮೊದಲು ಹುಡುಕಿದರೆ ಸಾಕೆನ್ನುವವರಿಗೆ ರಿಸೀವರೇ ಸರಿ. ಆ ಕೆಲಸಕ್ಕೆಂದೇ ನನ್ನ ಹಳೆಯದನ್ನೂ ಮೂತಿಯೊಳಗೆ ಉಳಿಸಿಕೊಂಡಿದ್ದೇನೆ.