ಹಸಿ ಕಲೀಜಿ (ಕುರಿ, ಮೇಕೆಯ ಲಿವರ್) ನಾಯಿಗೆ ಹಾಕಬೇಡಿ, ಲಿವರ್ ಗಂಟಿಗೆ ಅವಸರದಲ್ಲಿ ಸೂಜಿ ಹಾಕಿಸಬೇಡಿ

ಪುಣೆಯಲ್ಲಿ ನಾಯಿ ಸಾಕಿದವರು, ಬೀದಿನಾಯಿಗಳಿಗೆ ಊಟ ಹಾಕುವವರು ದಯವಿಟ್ಟು ಪೂರ್ತಿ ಓದಿ. ಹೋದ ವರ್ಷ ನಮ್ಮ ಅಕ್ಕನಿಗೆ ಲಿವರ್ ಆಪರೇಷನ್ ಆಯಿತು. ಒಳಗಿದ್ದದ್ದು ಹೈಡಾಟಿಡ್ ಗಂಟು. ನಾಯಿಯ ಲಾಡಿಹುಳುವಿನ ಮರಿ ಕಟ್ಟಿಕೊಂಡ ನೀರಿನ ಚೀಲ ಅದು.

ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಅನ್ನುತ್ತಿದ್ದಳು. ಗ್ಯಾಸ್ ಅಂತ ಮಾತ್ರೆ ಕೊಡುತ್ತಲೇ ಇದ್ದರು. ಸೋನೋಗ್ರಫಿಯಲ್ಲಿ ಗಂಟು ಕಂಡಾಗ ಮನೆ ಹತ್ತಿರದ ಆಸ್ಪತ್ರೆಯವರು, "ಬರೀ ನೀರು, ನಾಳೆ ಬನ್ನಿ, ಸೂಜಿ ಹಾಕಿ ತೆಗೆದುಬಿಡೋಣ" ಅಂದರು. ಭಾವನಿಗೆ ಯಾಕೋ ಸರಿ ಅನಿಸಲಿಲ್ಲ. ಬೇರೆ ಸರ್ಜನ್ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ ನಾಯಿಯ ಬಗ್ಗೆ. ತಯಾರಿ ಇಲ್ಲದೆ ಚುಚ್ಚಿ ಆ ನೀರು ಒಳಗೆ ಸೋರಿದರೆ ಅಲರ್ಜಿಯಾಗಿ ಬಿಪಿ ಕುಸಿದು ಜೀವಕ್ಕೇ ಅಪಾಯವಂತೆ. ಹೊಟ್ಟೆಯಲ್ಲೆಲ್ಲ ಹೊಸ ಗಂಟು ಏಳಬಹುದು. ಸೂಜಿಯ ಚಿಕಿತ್ಸೆಯೂ ಇದೆ, ಆದರೆ ಮೊದಲು ಅಲ್ಬೆಂಡಜೋಲ್ ಅನ್ನುವ ಹುಳುವಿನ ಮಾತ್ರೆ ಕೊಟ್ಟು, ಪಳಗಿದವರೇ ಮಾಡಬೇಕು. ಅಕ್ಕನಿಗೂ ಮಾತ್ರೆ ಕೊಟ್ಟ ಮೇಲೆಯೇ ಆಪರೇಷನ್. ತೆಗೆದದ್ದನ್ನು ತೋರಿಸಿದರು: ಬೇಯಿಸಿದ ಮೊಟ್ಟೆಯ ಬಿಳಿಯಂಥ ಪೊರೆ, ಅದರೊಳಗೆ ಸಣ್ಣ ಸಣ್ಣ ಮರಿಚೀಲಗಳು. ನೋಡಿ ಕೈಕಾಲು ತಣ್ಣಗಾಯಿತು.

ಈ ಹುಳು ನಾಯಿಯ ಕರುಳಲ್ಲಿರುತ್ತದೆ. ಉದ್ದ ಒಂದು ಸೆಂಟಿಮೀಟರ್ ಕೂಡ ಇಲ್ಲ. ನಾಯಿ ಆರಾಮಾಗೇ ಓಡಾಡುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮಲದಲ್ಲಿ ಬಂದ ಮೊಟ್ಟೆ ಮಣ್ಣಿಗೆ, ಸೊಪ್ಪಿಗೆ, ನಾಯಿಯ ಕೂದಲಿಗೆ ಅಂಟುತ್ತದೆ. ಮೇಯುವ ಕುರಿ ಮೇಕೆ ನುಂಗಿದರೆ ಅವುಗಳ ಲಿವರ್, ಶ್ವಾಸಕೋಶದಲ್ಲಿ ಚೀಲ ಬೆಳೆಯುತ್ತದೆ. ನಮ್ಮ ಬಾಯಿಗೆ ಹೋದರೂ ಅಷ್ಟೇ. ಆ ಚೀಲವನ್ನು ಹಸಿಯಾಗಿ ತಿಂದ ನಾಯಿಗೆ ಮತ್ತೆ ಹುಳು. ಮಟನ್ ತಿಂದರೆ ನಮಗೆ ಇದು ಬರುವುದಿಲ್ಲ, ಸುಮ್ನೆ ಹೆದರಬೇಡಿ. ಗಂಟು ಬೆಳೆಯಲು ವರ್ಷಗಟ್ಟಲೆ ಹಿಡಿಯುತ್ತದೆ, ಅಕ್ಕನಿಗೆ ಎಲ್ಲಿಂದ ಬಂತೋ ಹೇಳುವುದು ಕಷ್ಟ.

ಆದರೆ ಮೊನ್ನೆ ನಮ್ಮ ಕಡೆಯ ಮಟನ್ ಅಂಗಡಿಯಲ್ಲಿ ಕಣ್ಣಾರೆ ಕಂಡೆ. ಕಲೀಜಿಯ ಮೇಲೆ ಬಿಳಿ ಗುಳ್ಳೆ. ಕತ್ತಿ ತಾಗಿದ್ದೇ ನೀರು ಚಿಮ್ಮಿತು. ಆ ತುಂಡನ್ನು ಸೀದಾ ಕಟ್ಟೆ ಕೆಳಗೆ ಕಾಯುತ್ತಿದ್ದ ನಾಯಿಗೆ ಎಸೆದರು. ಗಿರಾಕಿಗೆ ಕೊಡಲಾಗದ್ದು ನಾಯಿಗೆ ಆಗುತ್ತದೆ ಅಂದುಕೊಂಡರೆ ಹೇಗೆ? ತುಂಬಾ ಸಿಟ್ಟು ಬಂತು.

ನಾಯಿಗೆ ಕಲೀಜಿ ಹಾಕಲೇಬೇಕಾದರೆ ಅರ್ಧ ಗಂಟೆ ಕುದಿಸಿ. ಜಂತುಹುಳುವಿನ ಮಾತ್ರೆ ಕೊಡಿಸುವಾಗ ಅದರಲ್ಲಿ ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಇದೆಯಾ ಅಂತ ಪಶುವೈದ್ಯರನ್ನು ಕೇಳಿ, ಎಲ್ಲ ಮಾತ್ರೆಯಲ್ಲೂ ಇರುವುದಿಲ್ಲ. ನಾಯಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಸ್ಯಾನಿಟೈಸರ್‌ಗೆ ಈ ಮೊಟ್ಟೆ ಜಗ್ಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಲಿವರ್‌ನಲ್ಲಿ 'ಸಿಸ್ಟ್' ಅಂತ ರಿಪೋರ್ಟ್ ಬಂದರೆ, ಸೂಜಿ ಹಾಕಿಸುವ ಮೊದಲು "ಇದು ಹೈಡಾಟಿಡ್ ಇರಬಹುದಾ?" ಅಂತ ಬಾಯಿಬಿಟ್ಟು ಕೇಳಿ.