ತಂಗಿಯನ್ನು ಕರೆದುಕೊಂಡು ಹೋದ ಕೌನ್ಸೆಲಿಂಗ್ ಸೆಂಟರ್ ಬಗ್ಗೆ: ದುಡ್ಡು ಕಟ್ಟುವ ಮೊದಲು ಓದಿ

ಮಂಗಳೂರಿನಲ್ಲಿ ಯಾರಾದರೂ "ತನಗೆ ತಾನೇ ಗಾಯ ಮಾಡಿಕೊಳ್ಳುವುದನ್ನು ಹತ್ತು ಸಿಟ್ಟಿಂಗ್‌ನಲ್ಲಿ ಪೂರ್ತಿ ಬಿಡಿಸಿಕೊಡ್ತೇವೆ, ಗ್ಯಾರಂಟಿ" ಅಂದರೆ ಎದ್ದು ಬನ್ನಿ. ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಟ್ಟೆ. ಸೆಂಟರಿನ ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇವೆ.

ನನ್ನ ತಂಗಿ ಡಿಗ್ರಿ ಓದುತ್ತಿದ್ದಾಳೆ. ಸಂಕಟ ತಡೆಯಲು ಆಗದಾಗ ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ನಾವು ಕಂಡುಹಿಡಿದದ್ದಲ್ಲ, ಅವಳಾಗಿಯೇ ಬಂದು ಹೇಳಿದ್ದು. "ಅಕ್ಕ, ಅಪ್ಪನಿಗೆ ಹೇಳಬೇಡ, ಆದರೆ ಯಾರಿಗಾದರೂ ತೋರಿಸು" ಅಂದಳು. ಅವಳೇ ಕೇಳಿದ್ದು, ಗೊತ್ತಾಯ್ತಾ? ಅಷ್ಟು ಧೈರ್ಯ ಮಾಡಿ ಬಾಯಿ ಬಿಟ್ಟವಳನ್ನು ಇವರು ಪುನಃ ಬಾಯಿ ಮುಚ್ಚುವ ಹಾಗೆ ಮಾಡಿದರು. ನನಗೆ ಸಿಟ್ಟು ಅದಕ್ಕೇ. ದುಡ್ಡಿನದ್ದು ಆಮೇಲೆ.

ಉಡುಪಿಯಲ್ಲಿ ತೋರಿಸಿದರೆ ಗುರುತಿನವರು ಯಾರಾದರೂ ನೋಡುತ್ತಾರೆ ಅಂತ ಅವಳಿಗೆ ಹೆದರಿಕೆ, ಹಾಗಾಗಿ ಮಂಗಳೂರು. ಎಸಿ ರೂಮು, ಗೋಡೆ ತುಂಬಾ ಸರ್ಟಿಫಿಕೇಟು. ಸಾಮಾನ್ಯವಾಗಿ ಪ್ರತಿ ಸಲ ಹೋದಾಗ ಆ ಸಲದ ಫೀಸು ಕೊಡುವುದು ಅಲ್ವಾ? ಇಲ್ಲಿ 24 ಸಾವಿರ, ಅಷ್ಟೂ ಮುಂಗಡ. "ಅರ್ಧಕ್ಕೆ ಬಿಟ್ಟು ಹೋಗುವವರು ಇರ್ತಾರೆ ಮೇಡಂ, ಕಮಿಟ್‌ಮೆಂಟ್ ಬೇಕು" ಅಂದರು.

ಮೊದಲ ದಿನವೇ ಬಾಂಡ್ ಪೇಪರ್. ಮನೆ ಬಾಡಿಗೆಯ ಕರಾರಿನ ಹಾಗೆ, "ಇನ್ನು ಮುಂದೆ ಗಾಯ ಮಾಡಿಕೊಳ್ಳುವುದಿಲ್ಲ" ಅಂತ ಬರೆಸಿ ಸಹಿ ಹಾಕಿಸಿದರು. ಸಹಿ ಹಾಕಿಸಿದರೆ ಸಂಕಟ ನಿಲ್ತದಾ ಮಾರಾಯ್ರೆ?

ಆಮೇಲೆ ಒಂದು ದಿನ ನನ್ನನ್ನು ಒಳಗೆ ಕರೆದರು. ನೋಡಿದರೆ ಅಪ್ಪ ಕೂತಿದ್ದಾರೆ! ಫಾರಂನಲ್ಲಿದ್ದ ನಂಬರಿಗೆ ಇವರೇ ಫೋನ್ ಮಾಡಿ ಕರೆಸಿದ್ದು, ತಂಗಿಯ ಹತ್ತಿರ ಒಂದು ಮಾತು ಕೇಳದೆ. ಅವಳ ಗಾಯದ ಗುರುತು ಅಪ್ಪನಿಗೆ ತೋರಿಸಿ "ನೋಡಿ ಸರ್, ಇದು ಅಟೆನ್ಷನ್‌ಗೆ ಮಾಡುವುದು, ಮನೆಯಲ್ಲಿ ಮುದ್ದು ಜಾಸ್ತಿ ಆಗಿದೆ" ಅಂದರು. ಅದು ಸಾಲದು ಅಂತ "ಇನ್ನೊಮ್ಮೆ ಆದರೆ ಪೊಲೀಸ್ ಕೇಸು ಆಗ್ತದೆ" ಅಂತ ಬೇರೆ. ಶುದ್ಧ ಸುಳ್ಳು. ಸಾಯಲು ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಅನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್. ಇವಳಿಗೆ ಎಲ್ಲಿಯ ಪೊಲೀಸು? ಅದೇ ಕಾಯ್ದೆಯಲ್ಲಿ ಗುಟ್ಟು ಕಾಯುವ ಹಕ್ಕೂ ಉಂಟು. ಅವಳು 18 ದಾಟಿದವಳು.

ಬಸ್ಸಿನಲ್ಲಿ ಉಡುಪಿವರೆಗೆ ಅವಳು ಒಂದು ಮಾತು ಆಡಲಿಲ್ಲ.

ಕೆಲವು ದಿನ ಕಳೆದು ಪುನಃ ಹಾಗೆ ಆಯಿತು. ಗಾಬರಿಯಲ್ಲಿ ಸೆಂಟರಿಗೆ ಮೆಸೇಜ್ ಹಾಕಿದೆ. ಬಂದ ಉತ್ತರ: "ಅಗ್ರಿಮೆಂಟ್ ಬ್ರೇಕ್ ಆಗಿದೆ ಮೇಡಂ, ಪ್ಯಾಕೇಜ್ ಕ್ಯಾನ್ಸಲ್. ರೀಫಂಡ್ ಇಲ್ಲ." ಹೇಗಿದ್ದಾಳೆ ಅಂತ ಒಂದು ಮಾತು ಇಲ್ಲ! ಯಾವ ತೊಂದರೆಗೆ ಅಂತ ಹೋದೆವೋ ಆ ತೊಂದರೆ ಬಂತು ಅಂತಲೇ ಹೊರಗೆ ಹಾಕಿದರು. ಬಾಂಡ್ ಪೇಪರ್ ಯಾಕೆ ಬರೆಸಿದ್ದು ಅಂತ ಆಗ ಹೊಳೆಯಿತು. ಅದು ತಂಗಿಗಾಗಿ ಅಲ್ಲ, ದುಡ್ಡು ಇಟ್ಟುಕೊಳ್ಳಲಿಕ್ಕೆ. ಆ ಮೆಸೇಜ್ ಈಗ ಓದಿದರೂ ಮೈ ಉರಿಯುತ್ತದೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕಿಕೊಳ್ಳಬೇಕಾದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರಲೇಬೇಕು. ನಂಬರ್ ಕೊಡಿ ಅಂದೆ. "ನಂಬರ್ ಎಂತಕ್ಕೆ ಮೇಡಂ, ನಮ್ಮ ರಿಸಲ್ಟ್ ನೋಡಿ." ರಿಸಲ್ಟ್ ಅಂತೆ. ನನ್ನ ಹತ್ತಿರವೇ!

ಈಗ ತೋರಿಸುತ್ತಿರುವವರು ನೋಂದಣಿ ಇರುವವರು. ಬೈಯಲಿಲ್ಲ, ಆಣೆ ಭಾಷೆ ಕೇಳಲಿಲ್ಲ. "ಸಾಯಬೇಕು ಅಂತ ಅನಿಸುತ್ತದಾ?" ಅಂತ ನೇರ ಕೇಳಿದರು. ಅಮ್ಮನಿಗೆ ಎದೆ ಧಸಕ್ಕೆಂದಿತು, ಆದರೆ ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲವಂತೆ, ಹೇಳಿಕೊಳ್ಳಲು ದಾರಿ ಆಗುತ್ತದಂತೆ. ತೀರಾ ಕಷ್ಟ ಅನಿಸಿದಾಗ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಅವರೂ ತಂಗಿಯೂ ಸೇರಿ ಒಂದು ಹಾಳೆಯಲ್ಲಿ ಬರೆದರು. ಡಿಬಿಟಿ ಅನ್ನುವ ಥೆರಪಿ, ಸಂಕಟವನ್ನು ಬೇರೆ ರೀತಿ ತಡೆದುಕೊಳ್ಳಲು ಕಲಿಸುವುದು. ತಿಂಗಳುಗಟ್ಟಲೆ ಹಿಡಿಯುತ್ತದೆ ಅಂತ ಮೊದಲೇ ಹೇಳಿದರು. ಅದನ್ನು ರೂಪಿಸಿದ ಮಾರ್ಷಾ ಲಿನೆಹನ್, ತಾನೂ ಹುಡುಗಿಯಾಗಿದ್ದಾಗ ಹೀಗೇ ಮಾಡಿಕೊಳ್ಳುತ್ತಿದ್ದೆ ಅಂತ 2011ರಲ್ಲಿ ಎಲ್ಲರೆದುರು ಹೇಳಿದ್ದಾರಂತೆ. ಅದನ್ನು ಕೇಳಿದಾಗ ತಂಗಿ ತಲೆ ಎತ್ತಿ "ಹೌದಾ?" ಅಂದಳು. ಪುನಃ ಆದರೂ ಬಂದು ಹೇಳು, ನಾನು ಇಲ್ಲೇ ಇರ್ತೇನೆ ಅಂತ ಈಗ ತೋರಿಸುತ್ತಿರುವವರು ಅಂದಿದ್ದಾರೆ. ಇಷ್ಟೇ ಬೇಕಾದ್ದು ಮಾರಾಯ್ರೆ, ಇಷ್ಟೇ.

ನೋಂದಣಿ ನಂಬರ್ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಮುಂಗಡ ಪ್ಯಾಕೇಜು ಬೇಡವೇ ಬೇಡ. ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ, ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ ಮನೋವೈದ್ಯರು ಇದ್ದಾರೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗಾಯ ಜೋರಿದ್ದರೆ, ಜೀವಕ್ಕೆ ಅಪಾಯ ಅನಿಸಿದರೆ ಫೋನಿನಲ್ಲಿ ಕೂರದೆ ಸೀದಾ ಆಸ್ಪತ್ರೆಗೆ ಹೋಗಿ.

ಸೆಂಟರಿನವರು ಮೊನ್ನೆ ಪುನಃ ಮೆಸೇಜ್ ಹಾಕಿದ್ದಾರೆ: ಗೂಗಲ್ ರಿವ್ಯೂ ತೆಗೆದರೆ ಅರ್ಧ ದುಡ್ಡು ವಾಪಸ್ ಕೊಡ್ತೇವೆ ಅಂತ. ತೆಗೆದಿಲ್ಲ. ಆ ಮೆಸೇಜನ್ನೂ ದೂರಿಗೆ ಸೇರಿಸಿದ್ದೇನೆ.